ಐಸ್ ಮೆಷಿನಿಗೆ ಬಾವಿ ನೀರು

ಬೋಟಿಗೆ ಯಾವ ಐಸ್ ಮೆಷಿನ್ ತರಬೇಕು ಎಂಬ ಜಗಳ ಆಂಬ್ರೋಸರ ಮನೆಯಲ್ಲಿ ಜುಲೈ ತಿಂಗಳಿಡೀ ಊಟದ ಮೇಜಿನ ಮೇಲೆಯೇ ನಡೆಯಿತು. ಮಳೆಗಾಲದ ಎರಡು ತಿಂಗಳು ಮೀನುಗಾರಿಕೆಗೆ ನಿಷೇಧ. ಬೋಟನ್ನು ಬಂದರಿನ ದಕ್ಕೆಯಲ್ಲಿ ಕಟ್ಟಿಹಾಕಿದ್ದರು, ಅದರ ಅರ್ಧ ಯಜಮಾನನಾದ ಮಗ ಮನೆಯಲ್ಲಿ ಕಟ್ಟಿಹಾಕಿದವನ ಹಾಗೆ ಕೂತಿದ್ದ. ಗಂಜಿಗೆ ಉಪ್ಪಿನಕಾಯಿ ಬೇಕೋ ಬೇಡವೋ ಎಂದು ಕೇಳುವಷ್ಟರಲ್ಲಿ ಮೆಷಿನಿನ ಮಾತು ಎದ್ದು ಬರುತ್ತಿತ್ತು. ಒಂದು ಕಡೆ ಗಂಡ, ಇನ್ನೊಂದು ಕಡೆ ಮಗ. ಸೌಟು ಹಿಡಿದುಕೊಂಡು ನಡುವೆ ನಿಲ್ಲುವ ಕೆಲಸ ಕ್ರಿಸ್ಟಿನಳ ಪಾಲಿಗೆ ಬಂದು ನಾಲ್ಕು ವರ್ಷವಾಗಿತ್ತು.

ನಾಲ್ಕು ವರ್ಷದ ಹಿಂದೆ ಆಂಬ್ರೋಸ್ ಬಹರೈನ್ ಬಿಟ್ಟು ಕಂಕನಾಡಿಯ ಈ ಮನೆಗೆ ಖಾಯಂ ಆಗಿ ಬಂದಿದ್ದರು. ಇಪ್ಪತ್ತಾರು ವರ್ಷ ಅಲ್ಲಿ ಹಡಗುಗಳ ಕೋಲ್ಡ್ ರೂಮು ರಿಪೇರಿ ಮಾಡಿದ ಮನುಷ್ಯ. ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ಬಂದು ಹೋಗುವಾಗ ಅವರು ನೆಂಟ, ನೆಂಟನಾಗಿ ಬಹಳ ಒಳ್ಳೆಯವರು. ಖಾಯಂ ಆದ ಮೇಲೆ ಇನ್ಸ್‌ಪೆಕ್ಟರ್ ಆದರು. ಫ್ರಿಜ್ಜಿನ ಬಾಗಿಲು ಸರಿ ಮುಚ್ಚಿಲ್ಲ, ಗ್ಯಾಸಿನ ರೆಗ್ಯುಲೇಟರ್ ಆರಿಸಿಲ್ಲ, ಬಾವಿಯ ಪಂಪು ಎರಡು ನಿಮಿಷ ಹೆಚ್ಚು ಓಡಿತು. ಇಪ್ಪತ್ತಾರು ವರ್ಷ ಆ ಮನೆ ತಾನಾಗಿ ನಡೆದಿತ್ತು ಎಂದು ಅವರು ತಿಳಿದುಕೊಂಡಿದ್ದರೋ ಏನೋ, ಅದನ್ನು ನಡೆಸಿದವಳು ಎದುರಿಗೇ ನಿಂತು ಬೈಸಿಕೊಳ್ಳುತ್ತಿದ್ದಳು.

ಮಗ ಕೆಲ್ವಿನ್ ತನ್ನ ಮೊಬೈಲ್ ಅಂಗಡಿ ಮಾರಿ, ಅಪ್ಪನ ಗಲ್ಫ್ ದುಡ್ಡೂ ಸೇರಿಸಿ, ಅಬ್ದುಲ್ಲ ಎಂಬವರ ಮೀನಿನ ಬೋಟಿನಲ್ಲಿ ಅರ್ಧ ಪಾಲು ತೆಗೆದುಕೊಂಡಿದ್ದ. ಬೋಟು ಕಡಲಿಗೆ ಇಳಿದರೆ ಹತ್ತು ದಿನ. ಐಸ್ ಪ್ಲಾಂಟಿನಿಂದ ಪುಡಿ ಮಾಡಿಸಿ ತುಂಬಿಕೊಂಡು ಹೋದ ಐಸು ಏಳನೆಯ ದಿನಕ್ಕೆ ಅರ್ಧ ನೀರು. ಬೋಟಿನಲ್ಲೇ ಐಸ್ ಮಾಡುವ ಮೆಷಿನ್ ಇದ್ದರೆ ಮೀನಿಗೆ ರೇಟು ಸಿಗುತ್ತದೆ ಎನ್ನುವಲ್ಲಿಯವರೆಗೆ ಅಪ್ಪ ಮಗ ಒಂದೇ. ಅಲ್ಲಿಂದ ಮುಂದೆ ಬೇರೆ ಬೇರೆ.

"ಬಲ್ಮಠದಲ್ಲಿ ಒಂದು ಹೋಟೆಲ್ ಮುಚ್ಚಿದ್ದಾರೆ ಡ್ಯಾಡಿ. ಅವರ ಐಸ್ ಕ್ಯೂಬ್ ಮೆಷಿನ್ ಅರ್ಧ ರೇಟಿಗೆ ಸಿಗ್ತದೆ," ಎಂದ ಕೆಲ್ವಿನ್.

"ಅದು ಕುಡುಕರ ಗ್ಲಾಸಿಗೆ. ಬೋಟು ಒಮ್ಮೆ ಓಲಾಡಿದ್ರೆ ಅದರ ಟ್ರೇಯಲ್ಲಿ ನೀರು ನಿಲ್ಲುವುದಿಲ್ಲ. ಮತ್ತೆ ಅದಕ್ಕೆ ಸಿಹಿನೀರೇ ಬೇಕು. ನಡು ಕಡಲಿನಲ್ಲಿ ಸಿಹಿನೀರು ಯಾರು ತಂದು ಕೊಡ್ತಾರೆ, ನಿನ್ನ ಮಾವನಾ?"

ಎದುರು ಕೂತಿದ್ದ ಸೊಸೆ ನತಾಶಾ ತುತ್ತನ್ನು ತಟ್ಟೆಗೆ ವಾಪಸು ಇಟ್ಟಳು. ಅವಳು ಶಾಲೆಯ ಟೀಚರ್, ಮನೆಯಲ್ಲಿ ಮಾತು ಕಡಿಮೆ, ಆದರೆ ಯಾವ ಮಾತನ್ನೂ ಮರೆಯುವವಳಲ್ಲ.

"ಹಾಗಾದ್ರೆ ಎಂತ ತರುವುದು, ನೀವೇ ಹೇಳಿ."

"ಸಮುದ್ರದ ನೀರನ್ನೇ ಎಳೆದು ಅವಲಕ್ಕಿಯ ಹಾಗೆ ಐಸ್ ಉದುರಿಸುವ ಮೆಷಿನ್ ಉಂಟು. ಒಳಗೆ ಒಂದು ಡ್ರಮ್ಮು, ಅದಕ್ಕೆ ಕಟ್ಟಿದ ಐಸನ್ನು ಬ್ಲೇಡು ಕೆರೆದು ಹಾಕ್ತದೆ. ರೇಟು ಜಾಸ್ತಿ. ಆದ್ರೆ ಒಂದೇ ಕಂಡೀಷನ್. ಬೋಟು ದಕ್ಕೆಗೆ ಬಂದ ದಿನವೇ ಒಳಗಿನ ಉಪ್ಪುನೀರು ಬಿಟ್ಟು, ಅರ್ಧ ಗಂಟೆ ಸಿಹಿನೀರು ಓಡಿಸಬೇಕು. ಇಲ್ಲದಿದ್ರೆ ಉಪ್ಪು ಒಣಗಿ ಕಲ್ಲಾಗ್ತದೆ, ಮುಂದಿನ ಸಲ ಬ್ಲೇಡು ಡ್ರಮ್ಮನ್ನೇ ತಿಂದು ಹಾಕ್ತದೆ."

"ಅದನ್ನು ಪ್ರತಿ ಸಲ ಯಾರು ಮಾಡುವುದು?"

"ನಾನು. ಎಸ್ಸೆಸ್ಸೆಲ್ಸಿಯನ್ನು ಮೂರು ಸಲ ಬರೆದವನ ಕೈಯಲ್ಲಿ ನಾನು ಮನೆಗೆ ಬಲ್ಬು ಸಹ ಹಾಕಿಸುವುದಿಲ್ಲ."

ಒಂಬತ್ತು ವರ್ಷದ ಟಾನ್ಯಾ ಕಿಸಕ್ಕನೆ ನಕ್ಕಳು. ಮಗಳ ಎದುರು ಕೆಲ್ವಿನನ ಕಿವಿ ಕೆಂಪಾಯಿತು. ಕ್ರಿಸ್ಟಿನ್ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಬಂಗುಡೆ ಹಾಕಿದಳು. ಅವಳಿಗೆ ತಿಳಿದಿದ್ದ ಸಮಾಧಾನ ಅದೊಂದೇ.

ಕೊನೆಗೆ ಬಂದದ್ದು ಆಂಬ್ರೋಸ್ ಹೇಳಿದ ಮೆಷಿನ್ನೇ. ಅಬ್ದುಲ್ಲರೂ ಆ ಮಾತಿಗೆ ಒಪ್ಪಿದ ಮೇಲೆ ಕೆಲ್ವಿನ್ ಬಾಯಿ ಮುಚ್ಚಬೇಕಾಯಿತು. ಆಗಸ್ಟಿನಲ್ಲಿ ಬೋಟು ಹೊರಟಿತು, ಹತ್ತನೆಯ ದಿನ ಹೊಳೆಯುವ ಮೀನು ತುಂಬಿಕೊಂಡು ಬಂತು. ಆಂಬ್ರೋಸ್ ಮರುಮದುವೆ ಆದವರಂತೆ ಎಳೆಯರಾದರು. ಬೋಟು ಬರುವ ದಿನ ಬೆಳಿಗ್ಗೆಯೇ ಎದ್ದು ಎರಡು ದೊಡ್ಡ ಕ್ಯಾನು ಬಾವಿಕಟ್ಟೆಯ ಮೇಲಿಡುತ್ತಿದ್ದರು. ಸೇದಿ ತುಂಬಿಸುವವಳು ಕ್ರಿಸ್ಟಿನ್, ಯಾಕೆಂದರೆ ಪಂಪಿನ ನೀರಿನಲ್ಲಿ ತುಕ್ಕು ಬರುತ್ತದೆಂದು ಇನ್ಸ್‌ಪೆಕ್ಟರರ ತೀರ್ಪು.

"ಅರವತ್ತು ದಾಟಿದ ಹೆಂಗಸಿನ ಕೈಯಲ್ಲಿ ನೀರು ಸೇದಿಸ್ತೀರಲ್ಲ," ಎಂದಳು ಒಮ್ಮೆ.

"ಬೇರೆ ಎಂತ ಕೆಲಸ ಉಂಟು ನಿನಗೆ? ನಿನ್ನೆಯ ಪೋರ್ಕು ಫ್ರೀಜರಿನಲ್ಲಿ ಹಾಕು ಅಂದ್ರೆ ಕೆಳಗೆ ಇಟ್ಟಿದ್ದಿ. ಐಸಿನವನ ಹೆಂಡತಿಗೆ ಫ್ರಿಜ್ಜು ಗೊತ್ತಿಲ್ಲ. ದಕ್ಕೆಯಲ್ಲಿ ಹೇಳಿದ್ರೆ ನಗ್ತಾರೆ."

ಅವರು ಹೇಳಿಯೂ ಹೇಳಿದರು. ದಕ್ಕೆಯವರು ನಕ್ಕರು ಎಂದು ಬಂದು ವರದಿಯೂ ಕೊಟ್ಟರು.

ಸೆಪ್ಟೆಂಬರ್ ಎಂಟು ಮೊಂತಿ ಹಬ್ಬ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ಭತ್ತದ ತೆನೆ ಮನೆಗೆ ತಂದು, ಮನೆಯ ಹಿರಿಯ ಅದನ್ನು ಸುಲಿದು ಹಾಲಿಗೆ ಹಾಕಿ ಎಲ್ಲರಿಗೂ ಕೊಟ್ಟ ಮೇಲೆ ಹೊಸ ಅಕ್ಕಿಯ ಊಟ. ಅಂದು ಮೀನಿಲ್ಲ, ಮಾಂಸವಿಲ್ಲ, ಬಾಳೆಲೆಯಲ್ಲಿ ಬರೀ ತರಕಾರಿ, ಅದೂ ಬೆಸ ಲೆಕ್ಕದಲ್ಲಿ. ಇಪ್ಪತ್ತಾರು ವರ್ಷ ಆ ತೆನೆಯನ್ನು ಲಕೋಟೆಗೆ ಹಾಕಿ ಬಹರೈನಿಗೆ ಪೋಸ್ಟ್ ಮಾಡಿದವಳು ಕ್ರಿಸ್ಟಿನ್.

ಬೋಟು ಅದೇ ದಿನ ಮುಂಜಾನೆ ಬರಬೇಕೇ! ಆಂಬ್ರೋಸ್ ಪೂಜೆಗೆ ಮೊದಲು ದಕ್ಕೆಗೆ ಓಡಿ ಮೆಷಿನಿನ ಉಪ್ಪುನೀರು ಬಿಟ್ಟು ಬಂದರು. ಸಿಹಿನೀರು ಓಡಿಸಲು ಹೊತ್ತಿರಲಿಲ್ಲ. ಇಗರ್ಜಿಯಿಂದ ಬಂದವರೇ ಶರಟು ಬದಲಿಸಿ ಕ್ಯಾನಿಗೆ ಕೈ ಹಾಕಿದಾಗ ಕ್ರಿಸ್ಟಿನ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಇವತ್ತು ಒಂದು ದಿನ ಕೂತುಕೊಳ್ಳಿ. ತೆನೆ ಸುಲಿಯುವವರಿಲ್ಲದೆ ಇಪ್ಪತ್ತಾರು ಹಬ್ಬ ಮಾಡಿದ್ದೇನೆ ನಾನು. ಕೆಲ್ವಿನ್ ಹೋಗಲಿ."

ಆಂಬ್ರೋಸ್ ಕ್ಯಾನು ನೋಡಿದರು, ಹೆಂಡತಿಯ ಮುಖ ನೋಡಿದರು. ಅವರಿಗೂ ಮನಸ್ಸು ಕರಗುವ ದಿನಗಳು ಇದ್ದವು, ಕಡಿಮೆ ಇದ್ದವು ಅಷ್ಟೆ.

"ಮಾಡ್ತೀಯಾ?" ಎಂದು ಮಗನನ್ನು ಕೇಳಿದರು.

"ಊಟ ಆದ ಕೂಡ್ಲೇ ಹೋಗ್ತೇನೆ ಡ್ಯಾಡಿ. ಅರ್ಧ ಗಂಟೆ ಓಡಿಸುವುದಲ್ಲವಾ? ಗೊತ್ತುಂಟು."

ಕೆಲ್ವಿನ್ ಕ್ಯಾನುಗಳನ್ನು ಕಾರಿನ ಡಿಕ್ಕಿಗೆ ಹಾಕಿದ. ಆಂಬ್ರೋಸ್ ಮೇಜಿನ ತಲೆಯಲ್ಲಿ ಕೂತು ಒಂದೊಂದೇ ಕಾಳು ಸುಲಿದರು. ಆ ಮಧ್ಯಾಹ್ನ ಯಾರೂ ಯಾರಿಗೂ ಬೈಯಲಿಲ್ಲ. ಕ್ರಿಸ್ಟಿನಳಿಗೆ ಅಷ್ಟು ಸಂತೋಷವಾದದ್ದು ಎಷ್ಟೋ ವರ್ಷಗಳಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಕಾರಿನಿಂದ ತೆಂಗಿನಕಾಯಿ ಚೀಲ ತೆಗೆಯಲು ಹೋದಾಗ ಡಿಕ್ಕಿಯಲ್ಲಿ ಎರಡೂ ಕ್ಯಾನು ತುಂಬಿಕೊಂಡೇ ಕೂತಿದ್ದವು. ಊಟದ ನಂತರ ದಕ್ಕೆಗೆಂದು ಹೊರಟ ಕೆಲ್ವಿನ್ ಗೆಳೆಯರ ಜೊತೆ ಕುಡಿಯಲು ಕೂತಿದ್ದ.

"ಮಮ್ಮಿ, ಡ್ಯಾಡಿಗೆ ಹೇಳ್ಬೇಡ," ಎಂದ ಅವನು, ಹಲ್ಲುಜ್ಜುವ ಬ್ರಶ್ಶು ಬಾಯಲ್ಲೇ ಇಟ್ಟುಕೊಂಡು. "ಮೇಜಿನಲ್ಲಿ ಎಲ್ಲರ ಎದುರು ನನ್ನ ಚರ್ಮ ಸುಲಿತಾರೆ. ಬೋಟು ನಾಳೆ ಬೆಳಿಗ್ಗೆ ಹೋಗುವುದು. ಇವತ್ತು ಮಾಡಿ ಬರ್ತೇನೆ."

ಸಂಜೆ ಕಾರು ಬಂತು. ಕ್ಯಾನುಗಳು ಹೋದ ಹಾಗೆಯೇ ವಾಪಸು ಬಂದಿದ್ದವು. ಆಗಲೂ ಹೊತ್ತಿತ್ತು. ಆಂಬ್ರೋಸ್ ಜಗಲಿಯಲ್ಲಿ ಪೇಪರು ಓದುತ್ತಿದ್ದರು, ಒಂದು ಮಾತು ಹೇಳಿದ್ದರೆ ಆಟೋ ಮಾಡಿ ಹೋಗಿಬಿಡುತ್ತಿದ್ದರು. ಆದರೆ ಹೇಳಿದರೆ ರಾತ್ರಿಯ ಊಟ ಹೇಗೆ ನಡೆಯುತ್ತದೆಂದು ಕ್ರಿಸ್ಟಿನಳಿಗೆ ಗೊತ್ತಿತ್ತು. ಒಂದು ಸಲಕ್ಕೆ ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, ಎರಡೂ ಕ್ಯಾನಿನ ನೀರನ್ನು ಮಲ್ಲಿಗೆ ಗಿಡಕ್ಕೆ ಚೆಲ್ಲಿ, ಕ್ಯಾನುಗಳನ್ನು ಬಾವಿಕಟ್ಟೆಯ ಪಕ್ಕ ಬೋರಲು ಹಾಕಿದಳು. ತಪ್ಪು ಮುಚ್ಚುವ ಕೆಲಸದಲ್ಲಿ ಅವಳ ಕೈ ಬಹಳ ಅಚ್ಚುಕಟ್ಟು.

ಬೋಟು ಆರನೆಯ ದಿನವೇ ತಿರುಗಿ ಬಂತು. ಮೂರನೆಯ ದಿನ ಮೆಷಿನ್ ಕಿರುಚಿ ನಿಂತಿತ್ತು. ಮೆಷಿನ್ ಇದೆಯೆಂದು ಪ್ಲಾಂಟಿನ ಐಸು ಸ್ವಲ್ಪವೇ ಒಯ್ದಿದ್ದರು, ಹಾಗಾಗಿ ಬೊಂಡಾಸು, ಬಂಗುಡೆ ಎಲ್ಲ ನಾರಿ, ತಿನ್ನುವವರಿಗೆ ಹೋಗುವ ಬದಲು ಮೀನುಹುಡಿ ಮಾಡುವವರಿಗೆ ಹೋಯಿತು. ಮೆಕ್ಯಾನಿಕ್ ಜೇಸನ್ ಮುಚ್ಚಳ ಬಿಚ್ಚಿ ಡ್ರಮ್ಮಿನ ಮೇಲೆ ಬೆರಳಾಡಿಸಿ, "ಉಪ್ಪು ಕಲ್ಲಾಗಿದೆ ಸಾರ್. ಸಿಹಿನೀರು ಓಡಿಸಲೇ ಇಲ್ಲ ಇದಕ್ಕೆ," ಎಂದ. ಆಂಬ್ರೋಸ್ ನೇರ ಮನೆಗೆ ಬಂದರು. ಚಪ್ಪಲಿ ಕಳಚುವ ಮೊದಲೇ ಕೂಗು ಶುರುವಾಯಿತು.

"ಕೆಲ್ವಿನ್! ಹಬ್ಬದ ದಿನ ನೀನು ನೀರು ಓಡಿಸಿದ್ದೀಯಾ ಇಲ್ಲವಾ?"

ಕೆಲ್ವಿನ್ ಸೋಫಾದಿಂದ ಏಳಲಿಲ್ಲ. ದಕ್ಕೆಯಿಂದ ಅಪ್ಪನಿಗಿಂತ ಮೊದಲೇ ಹೊರಟು, ಉತ್ತರವನ್ನು ದಾರಿಯುದ್ದಕ್ಕೂ ತಯಾರು ಮಾಡಿಕೊಂಡು ಬಂದಿದ್ದ.

"ಎಂತ ಡ್ಯಾಡಿ ನೀವು? ನಾನು ಹೊರಡುವಾಗ ಕಾರಿನ ಹತ್ತಿರ ಬಂದು ನೀವೇ ಹೇಳಿದ್ದಲ್ಲವಾ, ಬೇಡ, ಬೆಳಿಗ್ಗೆಯೇ ಎಲ್ಲ ಮಾಡಿ ಬಂದಿದ್ದೇನೆ ಅಂತ?"

"ನಾನಾ? ಬೆಳಿಗ್ಗೆ ನಾನು ಉಪ್ಪುನೀರು ಬಿಟ್ಟದ್ದು ಮಾತ್ರ."

"ಬೆಳಿಗ್ಗೆ ದಕ್ಕೆಗೆ ಹೋಗಿದ್ದು ಹೌದಲ್ಲ? ಮಾಡಿ ಆಗಿದೆ ಅಂದಿರಿ, ನಾನು ನಂಬಿದೆ. ಮೊನ್ನೆ ತಲೆ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯಿಡೀ ಹುಡುಕಿದವರು ನೀವು."

"ಸುಳ್ಳು ಬೊಗಳಬೇಡ! ಕ್ರಿಸ್ಟಿನ್, ಇಲ್ಲಿ ಬಾ. ಇವನು ಹೊರಡುವಾಗ ನೀನು ಅಡುಗೆಮನೆಯ ಬಾಗಿಲಿನಲ್ಲೇ ಇದ್ದಿ. ನಾನು ಹಾಗೆ ಹೇಳಿದ್ದೇನಾ?"

ನಾಲ್ಕು ಜೊತೆ ಕಣ್ಣು ಅವಳ ಮೇಲೆ ಬಿದ್ದವು. ಮಗ ಅವಳನ್ನು ನೋಡಿದ ನೋಟ, ಜ್ವರ ಬಂದ ರಾತ್ರಿಗಳಲ್ಲಿ ಅವಳೊಬ್ಬಳೇ ಅವನ ಪಕ್ಕ ಕೂತಿದ್ದಾಗಿನದ್ದು. ಗಂಡ ಅವಳನ್ನು ನೋಡಿದ್ದು, ರೆಗ್ಯುಲೇಟರ್ ಆರಿಸಿದ್ದೀಯಾ ಎಂದು ಕೇಳುವಾಗಿನ ಹಾಗೆಯೇ. ದಕ್ಕೆಯವರ ನಗು ಅವಳಿಗೆ ನೆನಪಾಯಿತು.

"ಹೇಳಿದ್ದೀರಿ," ಎಂದಳು. "ಮಾಡಿ ಆಯ್ತು ಅಂದದ್ದು ನಾನೂ ಕೇಳಿದ್ದೇನೆ."

ಅವರು ಮತ್ತೆ ಕೂಗುತ್ತಾರೆಂದು ಎಲ್ಲರೂ ಕಾದರು. ಆಂಬ್ರೋಸ್ ಕೂಗಲಿಲ್ಲ. ಕುರ್ಚಿ ಎಳೆದು ಕೂತು, ತಮ್ಮ ಎರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ನಾನು ಹಾಗೆ ಹೇಳಿದೆನಾ?" ಎಂದು ಮೆಲ್ಲಗೆ ಕೇಳಿದರು.

ಆ ರಾತ್ರಿ ಮೇಜಿನಲ್ಲಿ ಜಗಳವಿರಲಿಲ್ಲ. ಮೊದಲ ಒಂದು ವಾರ ಕ್ರಿಸ್ಟಿನಳಿಗೆ ಅದು ಹಿತವಾಗಿಯೇ ಇತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಪೋರ್ಕು ಎಲ್ಲಿ ಇಟ್ಟರೂ ಕೇಳುವವರಿರಲಿಲ್ಲ. ಪಂಪು ಓಡಿದಷ್ಟು ಓಡಿತು. ಒಂದು ಪಾಠ ಆಗಲಿ, ಆಮೇಲೆ ಸರಿಹೋಗುತ್ತಾರೆ ಎಂದುಕೊಂಡಳು.

ಅವರು ಸರಿಹೋಗಲಿಲ್ಲ. ಗೇಟು ಹಾಕಿ ಬಂದು, ಹಾಕಿದೆನೇ ಎಂದು ಮತ್ತೆ ಹೋಗಿ ನೋಡತೊಡಗಿದರು. ಬಿ.ಪಿ. ಮಾತ್ರೆ ಕೈಯಲ್ಲಿ ಹಿಡಿದು, "ಕ್ರಿಸ್ಟಿನ್, ಇದು ಬೆಳಿಗ್ಗೆ ತಗೊಂಡೆನಾ?" ಎಂದು ಕೇಳಿದರು. ಮೆಷಿನಿನ ಬೀಗದ ಕೈಯನ್ನು ಕೆಲ್ವಿನ್ ಒಂದು ದಿನ ಕೈ ಚಾಚಿ ಕೇಳಿದಾಗ ಗೊಂಚಲಿನಿಂದ ಬಿಚ್ಚಿ ಕೊಟ್ಟರು. ನತಾಶಾ ಮಕ್ಕಳಿಗೆ ಬರೆಯುವ ದುಂಡಗಿನ ಅಕ್ಷರದಲ್ಲಿ 'ಡ್ಯಾಡಿ ಮುಟ್ಟಬಾರದು' ಎಂದು ಬರೆದು ಗ್ಯಾಸ್ ಒಲೆಯ ಮೇಲೂ ಪಂಪಿನ ಸ್ವಿಚ್ಚಿನ ಮೇಲೂ ಅಂಟಿಸಿದಳು. ಅವಳಪ್ಪನ ಮಾತು ಎತ್ತಿದ್ದಕ್ಕೆ ಇದು ಉತ್ತರ ಎಂದು ಅವಳು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಟಾನ್ಯಾ ಎಲ್ಲರಿಗಿಂತ ಚುರುಕು.

"ಗ್ರ್ಯಾಂಡ್‌ಪಾ, ಇವತ್ತು ಐಸ್‌ಕ್ರೀಮ್ ಕೊಡಿಸ್ತೇನೆ ಅಂತ ನಿನ್ನೆ ಪ್ರಾಮಿಸ್ ಮಾಡಿದ್ದೀರಿ."

"ಮಾಡಿದ್ದೇನಾ ಪುಟ್ಟ? ಹಾಗಾದ್ರೆ ಹೋಗುವ."

ವಾರದಲ್ಲಿ ಮೂರು ಸಲ ಪ್ರಾಮಿಸ್ ಆಯಿತು. ಮೂರನೆಯ ಸಲ ಮೇಜಿನಲ್ಲಿ ಅವಳೇ ಗುಟ್ಟು ಬಿಟ್ಟಾಗ ಕೆಲ್ವಿನ್ ನಕ್ಕ, ನತಾಶಾ ನಕ್ಕಳು. ಆಂಬ್ರೋಸ್ ಕೂಡ ಅವರ ಜೊತೆ ನಗಲು ನೋಡಿದರು. ಕ್ರಿಸ್ಟಿನ್ ಎದ್ದು ನೀರು ತರಲು ಹೋದಳು.

ಅಕ್ಟೋಬರಿನಲ್ಲಿ ಅತ್ತಾವರದ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಡಾಕ್ಟರು ತಾರೀಕು ಕೇಳಿದರು, ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು. ಆಂಬ್ರೋಸ್ ಎರಡರ ತನಕ ಕಳೆದುಕೊಂಡು ಬಂದರು.

"ನೆನಪೇನೂ ಕೆಟ್ಟಿಲ್ಲ," ಎಂದರು ಡಾಕ್ಟರು. "ತುಂಬಾ ಹೆದರಿದ್ದಾರೆ. ಮನೆಯಲ್ಲಿ ಸ್ವಲ್ಪ ಧೈರ್ಯ ಹೇಳಿ."

ಕಾರಿನಲ್ಲಿ ಕೆಲ್ವಿನ್ ಹೆಂಡತಿಗೆ ಫೋನು ಮಾಡಿ, "ಶುರುವಿನಲ್ಲಿ ಟೆಸ್ಟಿನಲ್ಲಿ ಸಿಗುವುದಿಲ್ಲವಂತೆ," ಎಂದ. ಹಿಂದಿನ ಸೀಟಿನಲ್ಲಿ ಕ್ರಿಸ್ಟಿನ್ ಇದ್ದಳು, ಅವಳ ಪಕ್ಕದಲ್ಲಿ ಆಂಬ್ರೋಸ್. ಅವರು ಅವಳ ಕಡೆ ಬಾಗಿ ಪಿಸುಗುಟ್ಟಿದರು: "ಡಾಕ್ಟ್ರು ಸಮ ಉಂಟು ಅಂದ್ರಲ್ಲ? ನಾನು ಸರಿಯಾಗಿ ಕೇಳಿದ್ದೇನಾ?"

"ಮನೆಗೆ ಹೋಗುವ, ಆಮೇಲೆ ಮಾತಾಡುವ," ಎಂದಳು ಅವಳು. ಮನೆಗೆ ಹೋದ ಮೇಲೂ ಮಾತಾಡಲಿಲ್ಲ.

ನವೆಂಬರಿನ ಒಂದು ಭಾನುವಾರ ಅಬ್ದುಲ್ಲ ಮನೆಗೇ ಬಂದರು. ರಿಪೇರಿಯಾದ ಮೆಷಿನ್ ಕೆಲ್ವಿನನ ಕೈಯಲ್ಲಿ ಮತ್ತೆ ಕೈಕೊಡುತ್ತಿತ್ತು. ಕೆಲ್ವಿನ್ ಕುಟುಂಬ ಇನ್ನೂ ಇಗರ್ಜಿಯಿಂದ ಬಂದಿರಲಿಲ್ಲ.

"ಆಂಬ್ರೋಸ್ ಸಾರ್, ನೀವು ಒಮ್ಮೆ ಬಂದು ನೋಡಿ ಮಾರಾಯ್ರೇ. ನೀವು ನೋಡಿಕೊಳ್ಳುವಾಗ ಒಂದು ದಿನ ತೊಂದ್ರೆ ಕೊಡ್ಲಿಲ್ಲ ಅದು. ಒಂದು ಸಲ ತಪ್ಪಿದ್ರೆ ಎಂತ ಆಯ್ತು? ಬೋಟು ನಡೆಸುವ ನಮ್ಮ ತಾಂಡೇಲನೂ ನಿಮ್ಮನ್ನೇ ಕೇಳ್ತಾನೆ."

ಆಂಬ್ರೋಸ್ ಕೈಗಳನ್ನು ಮೇಜಿನ ಕೆಳಗೆ ಇಳಿಸಿದರು.

"ಬೇಡ ಅಬ್ದುಲ್ಲ. ನನಗೆ ಮರೆವು. ಮಾಡದ್ದನ್ನು ಮಾಡಿದೆ ಅಂತ ಹೇಳ್ತೇನಂತೆ ನಾನು. ಹದಿನಾಲ್ಕು ಜನ ಹೋಗುವ ಬೋಟು ಅದು. ನನ್ನನ್ನು ನಂಬಬೇಡಿ."

"ನಿಮ್ಮನ್ನು ನಂಬದೆ ಮತ್ತೆ ಯಾರನ್ನು ನಂಬುವುದು?"

"ಮನೆಯಲ್ಲಿ ಕೇಳಿ. ಅವಳಿಗೆ ಗೊತ್ತುಂಟು," ಎಂದು ಆಂಬ್ರೋಸ್ ಹೆಂಡತಿಯ ಕಡೆ ತೋರಿಸಿದರು. ಅಬ್ದುಲ್ಲ ಅವಳನ್ನು ನೋಡಿದರು. ಅವಳು ಚಹಾದ ಲೋಟ ಮುಂದಿಟ್ಟು ಒಳಗೆ ಹೋದಳು.

ಅಡುಗೆಮನೆಯಲ್ಲಿ ನಿಂತು ಕ್ರಿಸ್ಟಿನ್ ಅತ್ತಳು. ನಲವತ್ತು ವರ್ಷದಿಂದ ಅವಳು ನೋಡಿದ ಆ ಮನುಷ್ಯನಿಗೆ ಹೆಮ್ಮೆ ಎನ್ನುವುದು ಇದ್ದದ್ದು ಆ ಎರಡು ಕೈಗಳಲ್ಲಿ ಮಾತ್ರ, ಅದನ್ನು ತೆಗೆದುಕೊಂಡವಳು ತಾನು. ಇವತ್ತು ಹೇಳಿಬಿಡುತ್ತೇನೆ ಎಂದು ತೀರ್ಮಾನಿಸಿದಳು. ಹೇಳಿದರೆ ಆಯಿತು, ಬೈಯುತ್ತಾರೆ, ಬೈಯಲಿ, ಮೊದಲಿನಂತೆ ಆಗುತ್ತಾರೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಎಲ್ಲರಿಗೂ ಬಡಿಸಿ ತನ್ನ ತಟ್ಟೆಗೂ ಅನ್ನ ಹಾಕಿಕೊಂಡು ಅವಳು ಕೂತಳು.

"ಕೇಳ್ತದಾ," ಎಂದಳು ಗಂಡನಿಗೆ. "ನಿಮಗೆ ಎಂತ ಮರೆವೂ ಇಲ್ಲ. ಹಬ್ಬದ ದಿನ ನೀವು ಹಾಗೆ ಹೇಳ್ಲೇ ಇಲ್ಲ. ಇವನು ದಕ್ಕೆಗೆ ಹೋಗ್ಲಿಲ್ಲ. ಕ್ಯಾನು ಎರಡೂ ಡಿಕ್ಕಿಯಲ್ಲಿ ತುಂಬಿಯೇ ಇತ್ತು. ನಾನೇ ಮಲ್ಲಿಗೆ ಗಿಡಕ್ಕೆ ಚೆಲ್ಲಿದೆ. ಸುಳ್ಳು ಹೇಳಿದ್ದು ನಾನು."

ಆಂಬ್ರೋಸರ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅವರ ಮುಖದಲ್ಲಿ ಏನೋ ಎದ್ದು ಬರತೊಡಗಿತ್ತು. ಕ್ರಿಸ್ಟಿನ್ ಅದನ್ನು ಕಂಡಳು.

ಕೆಲ್ವಿನ್ ಮೀನಿನ ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟ.

"ಯಾವ ಕ್ಯಾನು ಮಮ್ಮಿ?"

"ಕೆಲ್ವಿನ್! ನೀನು ಬ್ರಶ್ಶು ಬಾಯಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಹೇಳ್ಲಿಲ್ಲವಾ, ಡ್ಯಾಡಿಗೆ ಹೇಳ್ಬೇಡ ಅಂತ?"

"ಡ್ಯಾಡಿ, ಮೆಷಿನ್ ಹಾಳಾದ ದಿನ ಇದೇ ಮಮ್ಮಿ, ಇಲ್ಲಿಯೇ ನಿಂತು, ಎಲ್ಲರ ಎದುರು ಹೇಳಿದ್ದು ನಿಮಗೆ ನೆನಪುಂಟಲ್ಲ? ನಾನೂ ಕೇಳಿದ್ದೇನೆ ಅಂತ ಹೇಳಿದ್ರು. ಎರಡು ತಿಂಗಳು ಬಿಟ್ಟು ಈಗ ಬೇರೆಯೇ ಹೇಳ್ತಾರೆ." ಅವನು ನತಾಶಾಳ ಕಡೆ ತಿರುಗಿದ. "ಇವರಿಗೂ ಶುರುವಾಯ್ತಾ?"

"ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ರು," ಎಂದಳು ನತಾಶಾ. "ಬೇಜಾರಾಗ್ತದೆ ಅಂತ ನಾನು ಹೇಳ್ಲಿಲ್ಲ."

"ನಾನು ಹಾಕ್ಲಿಲ್ಲ!"

"ನೋಡಿ, ಅದೂ ನೆನಪಿಲ್ಲ. ಮುಂದಿನ ವಾರ ಇಬ್ಬರಿಗೂ ಒಟ್ಟಿಗೆ ಅಪಾಯಿಂಟ್‌ಮೆಂಟ್ ತಗೊಳ್ಳುವ."

ಕ್ರಿಸ್ಟಿನ್ ಗಂಡನ ಕಡೆ ತಿರುಗಿದಳು. "ನೀವು ಹೇಳಿ. ನಿಮಗೆ ಗೊತ್ತುಂಟು. ನೀವು ಹಾಗೆ ಹೇಳ್ಲಿಲ್ಲ ಅಂತ ನಿಮಗೆ ಗೊತ್ತುಂಟು!"

ಆಂಬ್ರೋಸ್ ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಮುಖದಲ್ಲಿ ಎದ್ದಿದ್ದದ್ದು ಅಷ್ಟರಲ್ಲಿ ಇಳಿದುಹೋಗಿತ್ತು. ಕುರ್ಚಿಯನ್ನು ಹೆಂಡತಿಯ ಹತ್ತಿರ ಎಳೆದುಕೊಂಡು, ಬಹರೈನಿನಿಂದ ರಜೆಯಲ್ಲಿ ಬಂದಾಗ ಹಿಡಿಯುತ್ತಿದ್ದ ಹಾಗೆ ಅವಳ ಕೈ ಹಿಡಿದುಕೊಂಡರು.

"ಹೆದರಬೇಡ ಕ್ರಿಸ್ಟಿನ್," ಎಂದರು. "ಶುರುವಿನಲ್ಲಿ ನಾನೂ ಹೀಗೇ ಕೂಗಿದ್ದೆ. ನಮಗೆ ನಮ್ಮದೇ ಸರಿ ಅಂತ ಕಾಣ್ತದೆ. ಮತ್ತೆ ಅಭ್ಯಾಸ ಆಗ್ತದೆ. ಮಕ್ಕಳು ಹೇಳಿದ್ದು ಕೇಳಿದ್ರೆ ಆಯ್ತು."

ಆಂಬ್ರೋಸ್ ಅವಳ ತಟ್ಟೆಯ ಅನ್ನ ನೋಡಿ, ಅವಳನ್ನು ಕೇಳದೆ, ತಲೆಯೆತ್ತಿ ಸೊಸೆಯನ್ನು ಕೇಳಿದರು.

"ಅವಳದ್ದು ಊಟ ಆಯ್ತಾ?"

"ಆಯ್ತು ಡ್ಯಾಡಿ," ಎಂದು ನತಾಶಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಕ್ರಿಸ್ಟಿನ್ ಇನ್ನೂ ಒಂದು ತುತ್ತೂ ತಿಂದಿರಲಿಲ್ಲ.